ಪಾಟಾ ಏರಿಸಿದರೆ ಭಾರ ಇಳಿದೀತೇ?

ಹುಬ್ಬಳ್ಳಿ: ಸಂಜೆ ಹೊತ್ತು ಅಮರಗೋಳದ ಎಪಿಎಂಸಿ ಕಡೆಯಿಂದ ಬರುವ ಗಾಡಿಗಳನ್ನು ಸ್ವಲ್ಪ ಗಮನಿಸಿ ನೋಡಿ. ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ! ವ್ಯಾನಿನೊಳಗೆ ಅಕ್ಕಿ, ಬೇಳೆ, ಎಣ್ಣೆ ಡಬ್ಬಿ. ಟಾಪಿನ ಮೇಲೆ ಇನ್ನೊಂದಿಷ್ಟು. ಒಳಗೆ ಮೂರು ಜನ ಬೇರೆ.

ಗಾಡಿ ಹೀಗೆ ಕೂತುಬಿಟ್ಟರೆ ನಮ್ಮ ಅಂಗಡಿಕಾರರು ಏನು ಮಾಡುತ್ತಾರೆ? ಮಾಲು ಇಳಿಸುವುದಿಲ್ಲ. ನೇರ ಗ್ಯಾರೇಜಿಗೆ ಹೋಗುತ್ತಾರೆ.

"ಮೇಸ್ತ್ರಿ, ಒಂದ್ ಪಾಟಾ ಹೆಚ್ಗಿ ಹಾಕ್ರಿ. ಗಾಡಿ ಕುಂದರಬಾರ್ದು ನೋಡ್ರಿ."

"ಹಾಕೋಣಂತ ಬಿಡ್ರಿ ಸಾವ್ಕಾರ್ರ."

ಗಾಡಿ ಎದ್ದು ನಿಲ್ಲುತ್ತದೆ. ಸಾವ್ಕಾರರಿಗೆ ಸಮಾಧಾನ. ಮರುದಿನ ಇನ್ನೆರಡು ಚೀಲ ಹೆಚ್ಚು! ಅಪಾಯ ಶುರುವಾಗುವುದೇ ಇಲ್ಲಿಂದ.

ಪಾಟಾದ ಕೆಲಸವೇನು?

ಉದ್ದ, ಗಿಡ್ಡ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಗಿದು, ಬಿಲ್ಲಿನಂತೆ ಬಾಗಿಸಿದ್ದೇ ಪಾಟಾ. ಭಾರ ಬಿದ್ದರೆ ಬಿಲ್ಲು ನೆಟ್ಟಗಾಗುತ್ತದೆ, ಇಳಿದರೆ ಮತ್ತೆ ಬಾಗುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿಗೂ, 2019ರಲ್ಲಿ ನಿಂತ ಓಮ್ನಿ ವ್ಯಾನಿಗೂ ಹಿಂದುಗಡೆ ಇರುವುದು ಇದೇ. ಈಗಿನ ಹೆಚ್ಚಿನ ಕಾರುಗಳಿಗೆ ಸುರುಳಿ ಸ್ಪ್ರಿಂಗು.

ಭಾರ ಹೊರುವುದು ಶಾಕಪ್ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತ ನಿಲ್ಲಿಸುವುದಷ್ಟೇ ಶಾಕಪ್ಪಿನ ಕೆಲಸ. ಗಾಡಿಯ ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ತೊಟ್ಟಿಲಿನಂತೆ ತೂಗಾಡುತ್ತಿದ್ದರೆ ಶಾಕಪ್ ಹೋಯಿತೆಂದೇ ಲೆಕ್ಕ.

ಎಲ್ಲಿ ಇಟ್ಟಿರಿ ಎಂಬುದೂ ಲೆಕ್ಕ

ಎಷ್ಟು ಹೇರಿದಿರಿ ಎನ್ನುವಷ್ಟೇ ಮುಖ್ಯ, ಎಲ್ಲಿ ಹೇರಿದಿರಿ ಎಂಬುದು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಎರಡೂವರೆ ಮೀಟರ್ ಅಂತರವಿರುವ ಕಾರು ಎನ್ನಿ. ಹಿಂದಿನ ಆಕ್ಸೆಲ್‌ನಿಂದ ಒಂದು ಮೀಟರ್ ಹಿಂದೆ, ಡಿಕ್ಕಿಯಲ್ಲಿ, 100 ಕಿಲೋ ಇಟ್ಟಿರಿ. ಹಿಂದಿನ ಗಾಲಿಗಳ ಮೇಲೆ ಬೀಳುವುದು 100 ಅಲ್ಲ, 140 ಕಿಲೋ! ಮುಂದಿನ ಗಾಲಿಗಳ ಮೇಲಿಂದ 40 ಕಿಲೋ ಕಡಿಮೆಯಾಗುತ್ತದೆ. ಮಕ್ಕಳಾಟದ ಏತದ ಹಲಗೆಯ ಲೆಕ್ಕವೇ ಇದು. ಆಗ ಸ್ಟೇರಿಂಗ್ ಹಗುರಾಗುತ್ತದೆ, ಮುಂದಿನ ಗಾಲಿಗೆ ರಸ್ತೆಯ ಹಿಡಿತ ತಪ್ಪುತ್ತದೆ. ಹೆಡ್‌ಲೈಟು ಮೇಲೆ ನೋಡುತ್ತ ಎದುರು ಬರುವ ಸೈಕಲ್ಲಿನವನ ಕಣ್ಣು ಕುಕ್ಕುತ್ತದೆ.

ಟ್ರೇಲರ್ ಎಳೆಯುವವರಿಗೂ ಇದೇ ಮಾತು. ಮಾಲೆಲ್ಲ ಟ್ರೇಲರಿನ ಮುಂದಿದ್ದರೆ ಕೊಂಡಿಯ ಮೇಲೆ ಕೂತು ಗಾಡಿಯ ಬಾಲ ಒತ್ತುತ್ತದೆ. ಎಲ್ಲ ಹಿಂದಿದ್ದರೆ ಕೊಂಡಿಯನ್ನೇ ಮೇಲೆತ್ತುತ್ತದೆ, ವೇಗ ಹೆಚ್ಚಿದಂತೆ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ. ಭಾರವೆಲ್ಲ ಟ್ರೇಲರಿನ ಆಕ್ಸೆಲ್ ಮೇಲೆ, ತುಸು ಮುಂದಕ್ಕೆ ಇರಬೇಕು.

ಬ್ರೇಕು ಯಾರು ಹೆಚ್ಚಿಸಿದರು?

ಪಾಟಾ ಏರಿಸಿದಿರಿ, ಸರಿ. ಟಯರು? ಆಕ್ಸೆಲ್? ಬೇರಿಂಗು? ಬ್ರೇಕು? ಅವೆಲ್ಲ ಕಂಪನಿಯಿಂದ ಬಂದ ಹಾಗೆಯೇ ಇವೆ ತಾನೆ? ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಗಾಡಿಯ ತೂಕವನ್ನೆಲ್ಲ ತಡೆಯಬೇಕಾದದ್ದು ಪಾಟಾ ಅಲ್ಲ, ಬ್ರೇಕು. ಪದೇ ಪದೇ ಒತ್ತಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಘಟ್ಟ ಇಳಿಯುವ ಮೊದಲೇ ಕೆಳ ಗೇರಿಗೆ ಬರಬೇಕು ಎನ್ನುವುದು ಅದಕ್ಕೇ.

ಇನ್ನೊಂದು ತಮಾಷೆ. ಪಾಟಾ ಹೆಚ್ಚಿಸಿದ ಗಾಡಿ ಖಾಲಿ ಬರುವಾಗ ಹಿಂಬದಿ ಕಲ್ಲಿನಂತೆ ಗಟ್ಟಿ. ಗುಂಡಿ ಸಿಕ್ಕಲ್ಲೆಲ್ಲ ಗಾಲಿ ನೆಲ ಬಿಟ್ಟು ನೆಗೆಯುತ್ತದೆ. ನೆಗೆದ ಗಾಲಿಗೆ ಬ್ರೇಕು ಹಾಕಿ ಏನು ಉಪಯೋಗ ಸ್ವಾಮಿ? ಪಾಟಾ ನುಂಗಬೇಕಿದ್ದ ಪೆಟ್ಟು ನೇರ ಬಾಡಿಗೆ, ಕೂತವರ ಸೊಂಟಕ್ಕೆ!

ಕಾನೂನೂ ಸುಮ್ಮನಿಲ್ಲ. 2019ರ ತಿದ್ದುಪಡಿಯ ಪ್ರಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ಮೀರಿದ ಭಾರಕ್ಕೆ ದಂಡ 20,000 ರೂಪಾಯಿ. ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಮಾಲು ಇಳಿಸುವ ಖರ್ಚೂ ನಿಮ್ಮದೇ.

ಹಾಗಾದರೆ ಏನು ಮಾಡಬೇಕು? ಆರ್‌ಸಿಯಲ್ಲಿ ಖಾಲಿ ತೂಕ, ಭಾರ ಸಮೇತ ತೂಕ ಎರಡೂ ಇರುತ್ತವೆ. ಕಳೆದು ನೋಡಿ. ಉಳಿದದ್ದೇ ನಿಮ್ಮ ಪಾಲು, ಜನರೂ ಅದರಲ್ಲೇ ಸೇರಬೇಕು. ತೂಕದ ಮಾಲು ಕೆಳಗೆ, ಎರಡು ಆಕ್ಸೆಲ್‌ಗಳ ನಡುವೆ ಇರಲಿ. ಭಾರಕ್ಕೆ ತಕ್ಕಂತೆ ಕಂಪನಿ ಹೇಳಿದಷ್ಟು ಹವಾ ತುಂಬಿಸಿ. ಹಳೆಯ ಪಾಟಾ ಸೋತಿದ್ದರೆ ಅದೇ ಅಳತೆಯ ಹೊಸದು ಹಾಕಿಸಿ, ತಪ್ಪಿಲ್ಲ.

ಗಾಡಿ ಕೂತಿತೆಂದರೆ ಅದು "ಸಾಕು" ಎನ್ನುತ್ತಿದೆ ಎಂದೇ ಅರ್ಥ. ಅದರ ಬಾಯಿ ಕಟ್ಟಿಸಲು ಗ್ಯಾರೇಜಿಗೆ ಹೋಗಬೇಡಿ. ಎರಡು ಚೀಲ ಇಳಿಸಿ, ಇನ್ನೊಂದು ಟ್ರಿಪ್ ಹೊಡೆಯಿರಿ. ಎದುರಿಗೆ ಬಸ್ಸಿನಲ್ಲಿ ಬರುವವರೂ ಮನೆ ಮುಟ್ಟಬೇಕಲ್ಲವೇ?