ಡೋಡೋ: ಪಾರಿವಾಳದ ಹಾರಲಾರದ ನೆಂಟ

ಮಕ್ಕಳೇ, ಚಿತ್ರದಲ್ಲಿ ಡೋಡೋ ದಪ್ಪ ಬಾತುಕೋಳಿಯಂತೆ ಕಾಣುತ್ತದೆ, ಅಲ್ಲವೇ? ಆದರೆ ಮೂಳೆ, ಡಿಎನ್‌ಎ ಪರೀಕ್ಷಿಸಿದ ವಿಜ್ಞಾನಿಗಳು ಅದನ್ನು ಪಾರಿವಾಳದ ಕುಟುಂಬಕ್ಕೆ ಸೇರಿಸಿದ್ದಾರೆ. ಈಗ ಬದುಕಿರುವ ಹಕ್ಕಿಗಳಲ್ಲಿ ನಿಕೋಬಾರ್ ಪಾರಿವಾಳವೇ ಅದರ ಹತ್ತಿರದ ನೆಂಟ!

ಡೋಡೋ ಇದ್ದದ್ದು ಮಾರಿಷಸ್ ದ್ವೀಪದಲ್ಲಿ ಮಾತ್ರ. ಸುಮಾರು 3 ಅಡಿ ಎತ್ತರ, ತುದಿ ಬಾಗಿದ ದೊಡ್ಡ ಕೊಕ್ಕು, ಗಟ್ಟಿ ಕಾಲು, ಪುಟ್ಟ ರೆಕ್ಕೆ. ಹಿಡಿದು ತಿನ್ನುವ ಪ್ರಾಣಿಗಳಿಲ್ಲದ್ದರಿಂದ ಹಾರುವ ಅಗತ್ಯವೇ ಇರಲಿಲ್ಲ. ಗೂಡೂ ನೆಲದ ಮೇಲೆಯೇ. 1598ರಲ್ಲಿ ಡಚ್ಚರು ಬಂದಿಳಿದರು. ಹಡಗುಗಳಲ್ಲಿ ಬಂದ ಇಲಿ, ಹಂದಿಗಳು ಮೊಟ್ಟೆ ತಿಂದವು, ಕಾಡೂ ಕರಗಿತು. ನೂರು ವರ್ಷದೊಳಗೆ ಡೋಡೋ ಇಲ್ಲವಾಯಿತು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದಾಗಲೆಲ್ಲ ನನಗೆ ಡೋಡೋ ನೆನಪಾಗುತ್ತದೆ. ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಊರವರು ಹೆರಿಗೆಗೆ ತವರಿಗೆ ಬಂದ ಮಗಳಂತೆ ಕಾಯುತ್ತಾರೆ. ಡೋಡೋಗೆ ಅಂಥ ತವರು ಸಿಗಲಿಲ್ಲ. ಮಂಡ್ಯ, ಮಳವಳ್ಳಿ ಕಡೆಯ ಪುಟಾಣಿಗಳೇ, ಹಕ್ಕಿ ನೋಡಲು ಹೋದರೆ ಸದ್ದು ಮಾಡದೆ ದೂರದಿಂದಲೇ ನೋಡಿ ಬನ್ನಿ.