ನಿಬಂಧನೆಯುಳ್ಳ ಅನುಮತಿಯೂ ಪರಿಶೋಧಕದ ಕವಲುಗಳೂ

ಗಣಕಯಂತ್ರದ ಪ್ರೋಗ್ರಾಮು ನಿರ್ದುಷ್ಟವೆಂಬುದನ್ನು, ಅದನ್ನು ನಡೆಯಿಸದೆ, ಕೇವಲ ತರ್ಕದಿಂದ ಸಾಧಿಸುವ ಉಪಕರಣವನ್ನು ಪರಿಶೋಧಕವೆನ್ನಬಹುದು. 1976ರಲ್ಲಿ ಜೇಮ್ಸ್ ಕಿಂಗ್ ಎಂಬ ವಿದ್ವಾಂಸರು ವಿವರಿಸಿದ ಸಾಂಕೇತಿಕ ನಿರ್ವಹಣೆಯಲ್ಲಿ ಪರಿಶೋಧಕವು ಬೆಲೆಗಳ ಸ್ಥಾನದಲ್ಲಿ ಸಂಕೇತಗಳನ್ನಿಟ್ಟು ಮುಂದುವರಿಯುವುದು. ನಿಬಂಧನೆಯೊಂದು ಎದುರಾದೊಡನೆ ದಾರಿಯು ಎರಡಾಗುವುದು.

ದಾವಣಗೆರೆಯ ಹತ್ತಿಯ ಉಗ್ರಾಣವೊಂದರ ಲೆಕ್ಕವಿಡುವ ಪ್ರೋಗ್ರಾಮನ್ನು ಉದಾಹರಣೆಗಾಗಿ ಕಲ್ಪಿಸಬಹುದು. ಹರಿಹರದಿಂದ ಸರಕು ಬಂದಿದ್ದರೆ ಆ ಊರಿನ ಖಾತೆಯಲ್ಲಿ ಬರೆಯಲು ಅನುಮತಿಯುಂಟು, ಬಾರದಿದ್ದರೆ ಇಲ್ಲ. ಪರಿಶೋಧಕವು ಬಂದ ಲೋಕವೊಂದನ್ನೂ ಬಾರದ ಲೋಕವೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಪರಸ್ಪರ ಸಂಬಂಧವಿಲ್ಲದ ಇಂತಹ ಹತ್ತು ಊರುಗಳಿದ್ದರೆ ದಾರಿಗಳು 1024. ಮುಂದಿನ ಪ್ರತಿಯೊಂದು ವಾಕ್ಯವನ್ನೂ, ಅದು ಯಾವ ಖಾತೆಗೂ ಸಂಬಂಧಿಸದಿದ್ದರೂ, ಅಷ್ಟು ಸಲ ಪರೀಕ್ಷಿಸಬೇಕಾಗುವುದು. ಇದು ವ್ಯರ್ಥಶ್ರಮವೇ ಸರಿ.

ಪರಿಹಾರಕ್ಕೆ ಆಧಾರವಾದುದು ಅನುಮತಿಯನ್ನು ಭಿನ್ನರಾಶಿಯಿಂದ ಅಳೆಯುವ, 2003ರಲ್ಲಿ ಜಾನ್ ಬಾಯ್ಲೆಂಡ್ ಅವರು ಪ್ರಕಟಿಸಿದ ಕ್ರಮ. ಪೂರ್ಣವಾದ 1 ಇದ್ದರೆ ಬರೆಯಬಹುದು. 1ಕ್ಕೂ 0ಗೂ ನಡುವಿನ ಯಾವ ಅಂಶವಿದ್ದರೂ ಓದಬಹುದು. 0 ಎಂದರೆ ಏನೂ ಇಲ್ಲ. ಹೀಗಿರುವಲ್ಲಿ 'ಸರಕು ಬಂದಿದ್ದರೆ ಅನುಮತಿಯುಂಟು' ಎಂಬುದನ್ನು 'ಅನುಮತಿಯುಂಟು. ಅದರ ಪ್ರಮಾಣವು ಬಂದಿದ್ದರೆ 1, ಇಲ್ಲವಾದರೆ 0' ಎಂದು ತಿದ್ದಬಹುದಷ್ಟೆ. ನಿಬಂಧನೆಯು ಅಸ್ತಿತ್ವವನ್ನು ಬಿಟ್ಟು ಪ್ರಮಾಣದೊಳಗೆ ಸೇರಿತು; ದಾರಿ ಒಂದೇ ಉಳಿಯಿತು. ಹರಿಹರದ ಹೊಯ್ಸಳ ದೇವಾಲಯದ ಮೂರ್ತಿಯಲ್ಲಿ ಹರಿಯೂ ಹರನೂ ಒಂದೇ ದೇಹದಲ್ಲಿರುವುದನ್ನು ಇದು ನೆನಪಿಗೆ ತರುವುದಾದರೂ ಹೋಲಿಕೆ ಪೂರ್ಣವಲ್ಲ: ಅಲ್ಲಿ ಎರಡೂ ಸತ್ಯ, ಇಲ್ಲಿ ಯಾವುದಾದರೊಂದೇ ಸತ್ಯ. ಜ್ಯೂರಿಕ್ ನಗರದ ಇಟಿಎಚ್ ವಿದ್ಯಾಸಂಸ್ಥೆಯಲ್ಲಿ ರಚಿತವಾದ ವೈಪರ್ ವ್ಯವಸ್ಥೆಯ ಸಿಲಿಕಾನ್ ಎಂಬ ಪರಿಶೋಧಕದಲ್ಲಿ ಈ ರೂಪಾಂತರವನ್ನು ಐಚ್ಛಿಕವಾಗಿ, ಪ್ರಾಯೋಗಿಕವೆಂದೇ ಸೂಚಿಸಿ, ಒದಗಿಸಲಾಗಿದೆ.

ಆ ಎಚ್ಚರಿಕೆಯು ಯುಕ್ತವಾದುದು. ಕವಲಿನ ಭಾರವು ಅಳಿಯಲಿಲ್ಲ, ಸ್ಥಳಾಂತರಗೊಂಡಿತು. ಖಾತೆಯಲ್ಲಿ ಬರೆಯುವಾಗ ಪ್ರಮಾಣವು 1 ಎಂಬುದನ್ನು ಜ಼ಡ್3 ಎಂಬ ತರ್ಕಸಾಧನವು ಸಿದ್ಧಪಡಿಸಬೇಕು. ಎರಡು ಹೆಸರುಗಳು ಒಂದೇ ಖಾತೆಯನ್ನು ಸೂಚಿಸಬಹುದಾದರೆ ಅಂಶಗಳನ್ನು ಕೂಡಿಯೂ ನೋಡಬೇಕು. ಪ್ರೋಗ್ರಾಮೇ ಮುಂದೆ ಅದೇ ನಿಬಂಧನೆಯನ್ನು ಪ್ರಶ್ನಿಸಿದರೆ ದಾರಿಯು ಹೇಗೂ ಒಡೆಯುವುದರಿಂದ ಲಾಭವು ಅಲ್ಪ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. 'ಹರಿಹರದ ಖಾತೆಯಿದ್ದರೆ, ಅದರಲ್ಲಿ ಹೆಸರಿಸಿರುವ ಮುಂದಿನ ಖಾತೆಗೆ ಅನುಮತಿ' ಎಂಬಲ್ಲಿ ಆ ಮುಂದಿನ ಖಾತೆ ಯಾವುದೆಂಬುದೇ ಮೊದಲನೆಯದು ಇದ್ದಾಗ ಮಾತ್ರ ಅರ್ಥವಾಗುವ ಮಾತು. ನಿಬಂಧನೆಯನ್ನು ಪ್ರಮಾಣಕ್ಕೆ ಸರಿಸಿದರೆ, ಪ್ರಮಾಣವು 0 ಆಗಿರುವಾಗಲೂ ಇಲ್ಲದ ಪುಸ್ತಕವನ್ನು ತೆರೆದು ಹೆಸರನ್ನು ಓದಬೇಕಾಗುವುದು. ಅಂತಹ ಸ್ಥಳದಲ್ಲಿ ಕವಲನ್ನು ಹಾಗೆಯೇ ಉಳಿಸಿಕೊಳ್ಳಬೇಕು.