ಯಾವ ಚಿಪ್ಪು ತಮ್ಮಾ?

ಘಟ್ಟದ ಮೇಲಿನವರು ಕುಮಟಾ ಮೀನುಪೇಟೆಗೆ ಬಂದರೆ ಮಾತಿನಲ್ಲೇ ಎಡವುತ್ತಾರೆ. “ಅಕ್ಕಾ, ಕಪ್ಪೆಚಿಪ್ಪು ಹ್ಯಾಗೆ?” ಎಂದರೆ ಬುಟ್ಟಿ ಮುಂದೆ ಕೂತವಳು ತಿರುಗಿ ಕೇಳುತ್ತಾಳೆ: “ಯಾವ ಚಿಪ್ಪು ತಮ್ಮಾ? ಬೆಳಚೋ, ನೀಲಿಕಲ್ಲೋ?” ಗಿರಾಕಿ ಕಕ್ಕಾಬಿಕ್ಕಿ!

ತಪ್ಪು ಗಿರಾಕಿಯದಲ್ಲ. ನಮ್ಮ ಕನ್ನಡದಲ್ಲಿ ‘ಚಿಪ್ಪು’ ಎಂಬ ಒಂದೇ ಮಾತಿಗೆ ಹತ್ತು ಕಡೆ ಕೆಲಸ. ಬಾಳೆಹಣ್ಣಿನದೂ ಚಿಪ್ಪು, ತೆಂಗಿನಕಾಯಿಯದೂ ಚಿಪ್ಪು, ಮಂಡಿಯದೂ ಚಿಪ್ಪು. ‘ಕೈಗೆ ಚಿಪ್ಪು ಬಂತು’ ಎಂದರೆ ಏನಂತ ಅಂಗಡಿಯವರಿಗೆ ಬೇರೆ ಹೇಳಬೇಕೆ? ಇನ್ನು ಕಪ್ಪೆಚಿಪ್ಪಿಗೂ ಕಪ್ಪೆಗೂ ಸ್ನಾನಸೂತಕದ ಸಂಬಂಧವೂ ಇಲ್ಲ. ಸಂಸ್ಕೃತದವರು ಇದನ್ನೇ ‘ಶುಕ್ತಿ’ ಎಂದರು. ಹೊಳೆಯುವ ಚಿಪ್ಪನ್ನು ಬೆಳ್ಳಿ ಎಂದು ತಿಳಿದು ಮೋಸಹೋಗುವುದಕ್ಕೆ ವೇದಾಂತಿಗಳು ಕೊಡುವ ಉದಾಹರಣೆಯೇ ‘ಶುಕ್ತಿರಜತ’.

ಊರಿಗೊಂದು ಹೆಸರು

ಕರಾವಳಿಯವರಿಗೆ ಈ ಗೊಂದಲವಿಲ್ಲ. ಹೊಳೆಯ ಮರಳು, ಕೆಸರಿನಲ್ಲಿ ಹುದುಗಿರುವುದು ಕುಮಟಾ ಕಡೆ ಬೆಳಚು. ಮಂಗಳೂರಿನ ತುಳುವಿನಲ್ಲಿ ಅದು ಮರುವಾಯಿ; ಪುಂಡಿ ಜೊತೆ ಸೇರಿದರೆ ಊಟಕ್ಕೆ ಬೇರೇನೂ ಬೇಡ. ಕಾರವಾರದ ಕೊಂಕಣಿಯಲ್ಲಿ ತಿಸ್ರ್ಯೊ. ಬಂಡೆಗೆ ಅಂಟಿಕೊಂಡು ಕಬ್ಬಿಣದಿಂದ ಮೀಟಿದರೆ ಮಾತ್ರ ಏಳುವುದು ಕಾಲ್ವ. ಬಂಡೆಯಲ್ಲೇ ಗೊಂಚಲು ಗೊಂಚಲಾಗಿ ಬೆಳೆಯುವುದು ನೀಲಿಕಲ್ಲು, ತುಳುವರಿಗೆ ಪಚ್ಚಿಲೆ. ಹೆಸರು ಹೇಳಿದರೆ ಸಾಕು, ಅದು ಕೆಸರಿನದೋ ಬಂಡೆಯದೋ, ಕೈಯಲ್ಲಿ ಸಿಗುವುದೋ ಮುಳುಗಿ ತೆಗೆಯಬೇಕೋ ಎಂದು ಹೆಕ್ಕುವವರಿಗೆ ಗೊತ್ತಾಗುತ್ತದೆ.

ಕಾಗದದಲ್ಲಿ ಖನಿಜ

ಪೇಚು ಇರುವುದು ಕಚೇರಿಯಲ್ಲಿ. ಗೂಡಿನಲ್ಲಿ ಸುಟ್ಟು ಕಟ್ಟಡದ ಸುಣ್ಣ ಮಾಡುವ ಚಿಪ್ಪು ಗಣಿ ಕಾನೂನಿನ ಲೆಕ್ಕದಲ್ಲಿ ಉಪಖನಿಜ. ಅಂದರೆ ಮರಳು, ಜಲ್ಲಿಯ ಸಾಲಿನದು. ಹೊಳೆಯ ತಳದಲ್ಲಿ ತಲೆತಲಾಂತರದಿಂದ ರಾಶಿಬಿದ್ದ ಸತ್ತ ಚಿಪ್ಪಿಗೆ ಈ ಹೆಸರು ಸರಿಯೇ. ಆದರೆ ಅದನ್ನು ಬಾಚುವ ಸಲಿಕೆಗೆ ಸತ್ತದ್ದು, ಬದುಕಿದ್ದು ಎಂಬ ಭೇದ ಗೊತ್ತಿಲ್ಲ. ಜೀವವಿರುವ ಬೆಳಚೂ ಅದರ ಮರಿಯೂ ಒಟ್ಟಿಗೇ ಏಳುತ್ತವೆ. ತಳ ಕದಡಿದರೆ ಮುಂದಿನ ಬೆಳೆಗೆ ನೆಲೆಯಿಲ್ಲ. ಉಬ್ಬರ ಇಳಿದ ಹೊತ್ತು ನೋಡಿ ಸೊಂಟದುದ್ದ ನೀರಿನಲ್ಲಿ ನಿಂತು ಹೆಕ್ಕಿ ಸಂಸಾರ ನಡೆಸುವ ಹೆಂಗಸಿಗೆ ಬುಟ್ಟಿ ಖಾಲಿ. ಅವಳ ಕೈಗೆ ಬರುವುದು ಗಾದೆಯ ಚಿಪ್ಪು.

ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಜೌಗುಭೂಮಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ವಿಸ್ತಾರ 4,801 ಹೆಕ್ಟೇರ್. ಹೆಸರೇನೋ ದೊಡ್ಡದಾಯಿತು. ಇನ್ನು ಪರವಾನಗಿ ಬರೆಯುವವರು ‘ಚಿಪ್ಪು’ ಎಂದಷ್ಟೇ ಗೀಚಿ ಕೈತೊಳೆದುಕೊಳ್ಳದೆ ಸತ್ತದ್ದೋ ಬದುಕಿದ್ದೋ, ಎಲ್ಲಿಂದ, ಎಷ್ಟು ಎಂದು ಬಿಡಿಸಿ ಬರೆಯಲಿ.

ಕೊಳ್ಳುವವರಿಗೂ ಒಂದು ಮಾತು. ಬಾಯಿ ಮುಚ್ಚಿದ್ದನ್ನೇ ಆರಿಸಿ. ಬಾಯಿ ಬಿಟ್ಟಿದ್ದನ್ನು ತಟ್ಟಿದರೂ ಮುಚ್ಚಿಕೊಳ್ಳದಿದ್ದರೆ ಅದು ಸತ್ತದ್ದು, ಬಿಸಾಕಿ. ಉಗುರಿನಷ್ಟು ಚಿಕ್ಕದಿದ್ದರೆ ಅಗ್ಗವೆಂದು ಕೊಳ್ಳಬೇಡಿ, ಅದು ಬರುವ ವರ್ಷದ್ದು. ಮತ್ತೆ ಕೇಳುವಾಗ ಹೆಸರು ಹಿಡಿದೇ ಕೇಳಿ. ಬುಟ್ಟಿಯಾಕೆ ನಕ್ಕು ಎರಡು ಹೆಚ್ಚಿಗೆ ಹಾಕಿದರೂ ಹಾಕಿಯಾಳು!